ಜೋಡಿಸಾಲಿನ ಛಂದಸ್ಸು: ಪ್ರಾಚೀನ ಚೀನೀ ಕಾವ್ಯರೂಪಗಳು ಮತ್ತು ‘ಭಾರತೀಯ ಮೂಲ’ದ ಪ್ರಶ್ನೆ

ಪ್ರಾಚೀನ ಚೀನೀ ಕವಿತೆ ಎಂದೊಡನೆ ಕನ್ನಡದ ಓದುಗರ ಮನಸ್ಸಿನಲ್ಲಿ ಮೂಡುವ ಚಿತ್ರ ಬಹುಮಟ್ಟಿಗೆ ಒಂದೇ ಬಗೆಯದು: ನಾಲ್ಕೈದು ಚಿಕ್ಕ ಸಾಲುಗಳು, ಒಂದು ಬೆಟ್ಟ, ಒಂದು ದೋಣಿ, ಮೇಲೆ ಬೆಳದಿಂಗಳು, ಪ್ರಾಸವಿಲ್ಲ, ಗಣಗಳ ಕಟ್ಟಿಲ್ಲ, ಮಾತು ಮೆಲ್ಲಗೆ ನಿಂತುಬಿಡುತ್ತದೆ. ಛಂದಸ್ಸಿನ ಹಂಗಿಲ್ಲದೆ ಪ್ರತಿಮೆಗಳಿಂದಲೇ ನಿಂತ ಕಾವ್ಯವೆಂದು ಅದನ್ನು ಮೆಚ್ಚುವುದೂ ಉಂಟು. ಆದರೆ ಈ ಚಿತ್ರ ಚೀನಾದ್ದಲ್ಲ. ಇಪ್ಪತ್ತನೆಯ ಶತಮಾನದ ಆರಂಭದ ಇಂಗ್ಲಿಷ್ ಕಾವ್ಯದ್ದು. ಎಜ್ರಾ ಪೌಂಡ್ 1915ರಲ್ಲಿ ‘ಕ್ಯಾಥೆ’ ಸಂಕಲನವನ್ನು ಪ್ರಕಟಿಸಿದಾಗ ಆತನಿಗೆ ಚೀನೀ ಭಾಷೆ ತಿಳಿದಿರಲಿಲ್ಲ. ಜಪಾನಿನಲ್ಲಿ ಚೀನೀ ಕಾವ್ಯವನ್ನು ಅಭ್ಯಾಸ ಮಾಡಿದ್ದ ಅಮೆರಿಕದ ವಿದ್ವಾಂಸ ಅರ್ನೆಸ್ಟ್ ಫೆನೊಲೋಸಾ ಬಿಟ್ಟುಹೋಗಿದ್ದ ಟಿಪ್ಪಣಿಗಳೇ ಅವನ ಆಧಾರ. 1918ರಲ್ಲಿ ನೂರಎಪ್ಪತ್ತು ಚೀನೀ ಕವಿತೆಗಳ ಅನುವಾದವನ್ನು ಹೊರತಂದ ಆರ್ಥರ್ ವೇಲಿ ಭಾಷೆ ಬಲ್ಲವನು. ಆದರೂ ಪ್ರಾಸವನ್ನು ಬೇಕೆಂದೇ ಕೈಬಿಟ್ಟು, ಮೂಲದ ಒಂದು ಅಕ್ಷರಕ್ಕೆ ಇಂಗ್ಲಿಷಿನ ಒಂದು ಒತ್ತು ಎಂಬ ಲೆಕ್ಕವನ್ನಷ್ಟೇ ಉಳಿಸಿಕೊಂಡ. ಕನ್ನಡಕ್ಕೆ ಚೀನೀ ಕಾವ್ಯ ಹೆಚ್ಚಾಗಿ ಬಂದಿರುವುದು ಈ ದಾರಿಯಿಂದ. ದಾರಿಯಲ್ಲಿ ಕಳೆದುಹೋದದ್ದು ರೂಪ.

ಪ್ರಸ್ತುತ ಲೇಖನದ ಉದ್ದೇಶ ಎರಡು. ಚೀನೀ ಕಾವ್ಯದ ಮುಖ್ಯ ರೂಪಗಳನ್ನು ನಮ್ಮ ಛಂದಶ್ಶಾಸ್ತ್ರದ ಪರಿಭಾಷೆಯ ನೆರವಿನಿಂದ ಪರಿಚಯಿಸುವುದು ಮೊದಲನೆಯದು. ಅವುಗಳಲ್ಲಿ ಅತ್ಯಂತ ಬಿಗಿಯಾದ ‘ಲ್ಯುಶಿ’ಯ ನಿಯಮಗಳು ಸಂಸ್ಕೃತ ಛಂದಸ್ಸಿನಿಂದ ಹುಟ್ಟಿದವು ಎಂಬ ವಾದವನ್ನು, ಛಂದಸ್ಸಿನ ಒಳಗಿನ ಸಾಕ್ಷ್ಯದಿಂದ ಪರಿಶೀಲಿಸುವುದು ಎರಡನೆಯದು. ಈ ಎರಡನೆಯ ಪ್ರಶ್ನೆ ನಮಗೆ ಸಂಬಂಧಪಡದ್ದೇನಲ್ಲ. ‘ನಮ್ಮಿಂದ ಹೋದದ್ದು’ ಎಂಬ ಮಾತು ಕೇಳಲು ಹಿತವಾದುದರಿಂದ, ಅದನ್ನು ಪರೀಕ್ಷಿಸದೆ ಒಪ್ಪಿಕೊಳ್ಳುವ ಅಪಾಯ ನಮ್ಮಲ್ಲಿಯೇ ಹೆಚ್ಚು.

ಅಕ್ಷರ, ಸಾಲು, ಯತಿ

ಪ್ರಾಚೀನ ಚೀನೀ ಸಾಹಿತ್ಯಭಾಷೆಯಲ್ಲಿ ಒಂದು ಲಿಪಿಚಿಹ್ನೆಗೆ ಒಂದು ಉಚ್ಚಾರಾಕ್ಷರ. ಬಹುಪಾಲು ಸಂದರ್ಭಗಳಲ್ಲಿ ಅದೇ ಒಂದು ಪದ. ವಿಭಕ್ತಿ ಪ್ರತ್ಯಯಗಳಿಲ್ಲ, ಕ್ರಿಯಾಪದಕ್ಕೆ ಕಾಲ, ಲಿಂಗ, ವಚನಗಳ ರೂಪಭೇದವಿಲ್ಲ. ಹಾಗಾಗಿ ಸಾಲಿನ ಉದ್ದವನ್ನು ಅಳೆಯುವುದು ಅಕ್ಷರಗಳ ಎಣಿಕೆಯಿಂದ. ಈ ದೃಷ್ಟಿಯಿಂದ ಅದು ನಮ್ಮ ಅಕ್ಷರವೃತ್ತಗಳಿಗೆ ಹತ್ತಿರ; ಗುರು-ಲಘುಗಳ ಗೊಡವೆ ಇಲ್ಲದ ಅಕ್ಷರವೃತ್ತ ಎನ್ನಬಹುದು. ಅತ್ಯಂತ ಹಳೆಯ ಸಂಕಲನವಾದ ‘ಶಿ ಜಿಂಗ್’ನ 305 ಕವಿತೆಗಳಲ್ಲಿ ಪ್ರಧಾನವಾದುದು ನಾಲ್ಕಕ್ಷರದ ಸಾಲು. ಅವುಗಳಲ್ಲಿ 160 ಬೇರೆ ಬೇರೆ ಪ್ರಾಂತಗಳ ಹಾಡುಗಳು, 105 ಆಸ್ಥಾನದ ಹಾಡುಗಳು, ಉಳಿದ 40 ಪೂಜೆಯ ಸ್ತೋತ್ರಗಳು. ಕ್ರಿ.ಪೂ. ಹನ್ನೊಂದನೆಯ ಶತಮಾನದಿಂದ ಹಲವು ನೂರು ವರ್ಷಗಳ ಅವಧಿಯಲ್ಲಿ ಬೆಳೆದ ರಚನೆಗಳಿವು. ದಕ್ಷಿಣದ ಚು ನಾಡಿನಲ್ಲಿ, ಚ್ಯು ಯುವಾನ್‌ನ ಹೆಸರಿನೊಂದಿಗೆ ಬೆಸೆದುಕೊಂಡಿರುವ ‘ಚು ತ್ಸ’ ಪರಂಪರೆಯಲ್ಲಿ ಸಾಲು ಉದ್ದವಾಗುತ್ತದೆ. ಸಾಲಿನ ನಡುವೆ ಅಥವಾ ಕೊನೆಯಲ್ಲಿ ‘ಶಿ’ ಎಂಬ ಅರ್ಥರಹಿತ ಉಸಿರಕ್ಷರ ಬರುತ್ತದೆ. ಹಾನ್ ಕಾಲದ ‘ಫು’ ಇದರ ಮುಂದುವರಿಕೆ. ಗದ್ಯಪದ್ಯಗಳ ಗಡಿಯಲ್ಲಿ ನಿಲ್ಲುವ ಆ ವರ್ಣನಾಪ್ರಚುರ ಬರವಣಿಗೆ ನಮ್ಮ ಪ್ರಸ್ತುತ ಚರ್ಚೆಗೆ ಅಷ್ಟಾಗಿ ಬೇಕಾದುದಲ್ಲ.

ಮುಂದಿನ ಸಾವಿರಾರು ವರ್ಷಗಳಿಗೆ ನೆಲೆಯಾದದ್ದು ಐದಕ್ಷರದ ಸಾಲು, ಅನಂತರ ಏಳಕ್ಷರದ ಸಾಲು. ಐದನ್ನು ಎರಡು-ಮೂರು ಎಂದೂ, ಏಳನ್ನು ನಾಲ್ಕು-ಮೂರು ಎಂದೂ ಒಡೆಯಬೇಕು. ಇಲ್ಲಿ ಕನ್ನಡದ ವಿದ್ಯಾರ್ಥಿ ಗಮನಿಸಬೇಕಾದ ಅಂಶವೊಂದಿದೆ. ಯತಿವಿಲಂಘನ ಕನ್ನಡ ಚಂಪೂಕಾವ್ಯದ ಹೆಗ್ಗುರುತು. ನಮ್ಮ ಕವಿಗಳು ಪ್ರಾಸವನ್ನು ಬಿಗಿಯಾಗಿ ಹಿಡಿದು ಯತಿಯನ್ನು ದಾಟಿದರು. ಪದವೊಂದು ಪಾದದ ಕೊನೆಯಲ್ಲಿ ಒಡೆದು ಮುಂದಿನ ಪಾದಕ್ಕೆ ಹರಿಯುವುದು ಪಂಪ ರನ್ನರಲ್ಲಿ ದೋಷವಲ್ಲ, ನಡೆ. ಚೀನೀ ಪದ್ಯದಲ್ಲಿ ಇದು ಊಹೆಗೂ ನಿಲುಕದು. ಸಾಲು ಮುಗಿದಾಗ ಮಾತೂ ಮುಗಿಯಬೇಕು; ಸಾಲಿನೊಳಗಿನ ಯತಿಯಲ್ಲಿ ಅರ್ಥದ ಕೀಲೂ ಇರಬೇಕು. ಹೀಗೆ ತನ್ನಷ್ಟಕ್ಕೆ ಮುಚ್ಚಿಕೊಂಡ ಸಾಲು ಒಂಟಿಯಾಗಿ ನಿಲ್ಲಲಾರದು. ಅದಕ್ಕೆ ಒಂದು ಜೊತೆಸಾಲು ಬೇಕಾಗುತ್ತದೆ. ಚೀನೀ ಕಾವ್ಯದ ನಿಜವಾದ ಘಟಕ ಸಾಲಲ್ಲ, ಪದ್ಯವೂ ಅಲ್ಲ, ಜೋಡಿಸಾಲು. ಪ್ರಾಸ ಕೂಡ ಇದನ್ನೇ ಅನುಸರಿಸುತ್ತದೆ. ನಮ್ಮಲ್ಲಿ ಪ್ರತಿಪಾದದ ಎರಡನೆಯ ಅಕ್ಷರದಲ್ಲಿ ಪ್ರಾಸವಿದ್ದರೆ, ಅಲ್ಲಿ ಜೋಡಿಯ ಎರಡನೆಯ ಸಾಲಿನ ಅಂತ್ಯದಲ್ಲಿ. ಮೊದಲ ಸಾಲು ಎತ್ತಿದ್ದನ್ನು ಎರಡನೆಯ ಸಾಲು ಇಳಿಸುತ್ತದೆ.

ಹಾಡಿನಿಂದ ಪದ್ಯಕ್ಕೆ

ಐದಕ್ಷರದ ಸಾಲು ಬೆಳೆದುಬಂದದ್ದು ಹಾಡಿನ ಒಡನಾಟದಲ್ಲಿ. ‘ಯುಯೆಫು’ ಎಂಬುದು ಮೂಲತಃ ಹಾನ್ ಅರಮನೆಯ ಸಂಗೀತ ಇಲಾಖೆಯ ಹೆಸರು. ವು ಚಕ್ರವರ್ತಿಯ ಕಾಲದಲ್ಲಿ, ಕ್ರಿ.ಪೂ. ಎರಡನೆಯ ಶತಮಾನದ ಕೊನೆಯಲ್ಲಿ ಅದು ವಿಸ್ತಾರಗೊಂಡಿತು, ಕ್ರಿ.ಪೂ. 7ರಲ್ಲಿ ರದ್ದಾಯಿತು. ಇಲಾಖೆ ಮುಚ್ಚಿಹೋದರೂ ಹೆಸರು ಕಾವ್ಯಪ್ರಕಾರದ ಹೆಸರಾಗಿ ಉಳಿಯಿತು. ರಾಗ ಮರೆತುಹೋದ ಮೇಲೂ ಹಾಡಿನ ಶೀರ್ಷಿಕೆಯನ್ನು ಇಟ್ಟುಕೊಂಡು ಅದೇ ವಸ್ತುವನ್ನು ಹೊಸದಾಗಿ ಹೇಳುವ ಪದ್ಧತಿ ಬೆಳೆಯಿತು. ಗಡಿಕಾವಲಿನ ಸೈನಿಕನ ಗೋಳು, ಗಂಡ ದೂರ ಹೋದ ಹೆಣ್ಣಿನ ರಾತ್ರಿ, ಉಪ್ಪರಿಗೆಯ ಕಿಟಕಿ ಎಲ್ಲವೂ ಹೀಗೆ ಶೀರ್ಷಿಕೆಯೊಂದಿಗೆ ಬರುವ ಆಸ್ತಿ. ಕನ್ನಡದಲ್ಲಿ ಲಿ ಪೋ ಎಂದು ಪರಿಚಿತನಾದ ಲಿ ಬಾಯ್ (701–762) ತನ್ನ ಸ್ವಾತಂತ್ರ್ಯವನ್ನು ಹೆಚ್ಚಾಗಿ ಕಂಡುಕೊಂಡದ್ದು ಈ ಹಳೆಯ ಶೀರ್ಷಿಕೆಗಳ ಒಳಗೇ. ಬಾಯ್ ಜುಯಿ 809ರಲ್ಲಿ ‘ಹೊಸ ಯುಯೆಫು’ ಎಂದು ಐವತ್ತು ಕವಿತೆಗಳನ್ನು ಬರೆದು, ಹಳೆಯ ಶೀರ್ಷಿಕೆಗಳನ್ನು ಬಿಟ್ಟು ತನ್ನ ಕಾಲದ ತೆರಿಗೆ, ಬಡತನ, ಆಸ್ಥಾನದ ದುಂದನ್ನು ಆ ಧಾಟಿಯಲ್ಲಿ ಹೇಳಿದ.

ದೇಸಿಯ ಮಟ್ಟೊಂದನ್ನು ವಿದ್ವತ್ಕವಿಗಳು ಎತ್ತಿಕೊಂಡು ಮಾರ್ಗವಾಗಿಸುವ ಈ ಕ್ರಮ ನಮಗೆ ಅಪರಿಚಿತವಲ್ಲ. ತ್ರಿಪದಿ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನಕ್ಕೆ ಬಂದದ್ದು, ಷಟ್ಪದಿ ರಾಘವಾಂಕನ ಕೈಯಲ್ಲಿ ಮಹಾಕಾವ್ಯದ ವಾಹನವಾದದ್ದು ಇದೇ ಬಗೆಯ ಚಲನೆಗಳು. ಒಂದು ವ್ಯತ್ಯಾಸವಿದೆ. ನಮ್ಮಲ್ಲಿ ದೇಸಿಗೆ ಎದುರಾಗಿದ್ದ ಮಾರ್ಗ ಇನ್ನೊಂದು ಭಾಷೆಯಿಂದ ಬಂದದ್ದು. ಚೀನಾದಲ್ಲಿ ಎದುರಾಳಿಯೂ ಮನೆಯೊಳಗಿನದೇ. ನಿನ್ನೆಯ ದೇಸಿ ಇಂದಿನ ಮಾರ್ಗ.

ಮುಂದೆ ನಿಯಮಬದ್ಧ ರೂಪಗಳು ಬಂದ ಮೇಲೆ, ಅದಕ್ಕೂ ಹಿಂದಿನ ಸಡಿಲ ಪದ್ಯಕ್ಕೆ ‘ಗು ತಿ’, ಎಂದರೆ ಹಳೆಯ ಶೈಲಿ ಎಂದು ಹೆಸರಾಯಿತು. ಕವಿರಾಜಮಾರ್ಗಕಾರನು ತನ್ನ ಹಿಂದಿನದನ್ನು ‘ಪೞಗನ್ನಡ’ ಎಂದು ಕರೆದ ಹಾಗೆ, ಹೊಸತು ಬರುವ ತನಕ ಹಳತಿಗೆ ಆ ಹೆಸರು ಬೇಕಾಗುವುದಿಲ್ಲ. ಗು ತಿಯಲ್ಲಿ ಸಾಲುಗಳ ಸಂಖ್ಯೆಗೆ ಮಿತಿಯಿಲ್ಲ. ಪ್ರಾಸವನ್ನು ನಡುವೆ ಬದಲಿಸಬಹುದು. ಬಾಯ್ ಜುಯಿಯ ‘ಚಾಂಗ್ ಹೆನ್ ಗೆ’ (806) ಏಳಕ್ಷರದ 120 ಸಾಲುಗಳಷ್ಟು ದೀರ್ಘವಾಗಿ ಹರಿಯಲು ಸಾಧ್ಯವಾದದ್ದು ಇದರಿಂದಲೇ. ನಿಯಮಬದ್ಧ ಶೈಲಿ ಪ್ರಬಲವಾದ ಮೇಲೂ ಹಳೆಯ ಶೈಲಿ ಸಾಯಲಿಲ್ಲ. ಯಾವ ಶೈಲಿಯನ್ನು ಆರಿಸಿಕೊಂಡ ಎಂಬುದೇ ಕವಿಯ ನಿಲುವಿನ ಸೂಚನೆಯಾಯಿತು.

ಸ್ವರಗಳಿಗೆ ಹೆಸರು

ಚೀನೀ ಭಾಷೆಯಲ್ಲಿ ಅಕ್ಷರದ ಉಚ್ಚಾರಣೆಯ ಏರಿಳಿತ ಅರ್ಥವನ್ನೇ ಬದಲಿಸುತ್ತದೆ. ಆದರೆ ಮಾತನಾಡುವವರು ಬಳಸುತ್ತಿದ್ದುದನ್ನು ಗುರುತಿಸಿ ನಾಲ್ಕು ಎಂದು ಎಣಿಸಿ ಹೆಸರಿಟ್ಟದ್ದು ಐದನೆಯ ಶತಮಾನದ ಕೊನೆಯಲ್ಲಿ, ದಕ್ಷಿಣದ ಚಿ ರಾಜವಂಶದ ಯೊಂಗ್‌ಮಿಂಗ್ ಆಳ್ವಿಕೆಯ (483–493) ಕಾಲದಲ್ಲಿ. ಷೆನ್ ಯುಯೆ (441–513) ಈ ಚಳವಳಿಯ ಮುಂದಾಳು. ಸಮ, ಏರು, ಇಳಿ, ಮೊಟಕು ಎಂದು ಆ ನಾಲ್ಕು ಸ್ವರಗಳನ್ನು ಕನ್ನಡದಲ್ಲಿ ಕರೆಯಬಹುದು. ಮೊಟಕುಸ್ವರವೆಂದರೆ ಪ್, ತ್, ಕ್ ಎಂಬ ವ್ಯಂಜನಗಳಲ್ಲಿ ತಟ್ಟನೆ ನಿಲ್ಲುವ ಅಕ್ಷರ. ಲಿಯಾಂಗ್ ವಂಶದ ವು ಚಕ್ರವರ್ತಿ ಈ ನಾಲ್ಕು ಸ್ವರಗಳೆಂದರೇನೆಂದು ಕೇಳಿದಾಗ, ಆಸ್ಥಾನಿಕನೊಬ್ಬ ಚಕ್ರವರ್ತಿಯನ್ನು ಹೊಗಳುವ ನಾಲ್ಕೇ ಪದಗಳನ್ನು, ಒಂದೊಂದು ಸ್ವರಕ್ಕೆ ಒಂದರಂತೆ ಕ್ರಮವಾಗಿ ಜೋಡಿಸಿ ಉತ್ತರ ಹೇಳಿದನೆಂದು ಷೆನ್ ಯುಯೆಯ ಚರಿತ್ರೆಯಲ್ಲಿದೆ. ಲಕ್ಷಣವನ್ನೂ ಲಕ್ಷ್ಯವನ್ನೂ ಒಂದೇ ಉಸಿರಿನಲ್ಲಿ ಹೇಳುವ ಈ ಚಾತುರ್ಯವನ್ನು, ತಾನು ವಿವರಿಸುವ ವೃತ್ತದಲ್ಲಿಯೇ ಅದರ ಲಕ್ಷಣವನ್ನು ಹೇಳುವ ನಮ್ಮ ನಾಗವರ್ಮ ಮೆಚ್ಚುತ್ತಿದ್ದ. ಚಕ್ರವರ್ತಿಗೆ ಮಾತ್ರ ಆ ಹೊಸ ವಿದ್ಯೆ ಹಿಡಿಸಲಿಲ್ಲವಂತೆ.

ಷೆನ್ ಯುಯೆಯ ಹೆಸರಿನಲ್ಲಿ ಎಂಟು ದೋಷಗಳ ಪಟ್ಟಿಯೊಂದಿದೆ. ಹೆಸರುಗಳು ಸ್ವಾರಸ್ಯಕರ. ಐದಕ್ಷರದ ಸಾಲಿನ ಎರಡನೆಯ ಮತ್ತು ಐದನೆಯ ಅಕ್ಷರಗಳು ಒಂದೇ ಸ್ವರದವಾದರೆ ಅದು ‘ಕಣಜದ ಸೊಂಟ’. ಮೊದಲ ಸಾಲಿನ ಮತ್ತು ಮೂರನೆಯ ಸಾಲಿನ ಕೊನೆಯ ಅಕ್ಷರಗಳು ಒಂದೇ ಸ್ವರದವಾದರೆ ‘ಕೊಕ್ಕರೆಯ ಮೊಣಕಾಲು’. ಉಳಿದವು ಸಾಲಿನ ತಲೆ, ಬಾಲ, ಪ್ರಾಸದ ಸುತ್ತಲಿನ ಧ್ವನಿಸಾಮ್ಯಗಳಿಗೆ ಸಂಬಂಧಿಸಿದವು. ಎಂಟರ ಆಶಯವೂ ಒಂದೇ: ಒಂದೇ ಧ್ವನಿ ಗೊತ್ತಾದ ಎರಡು ಸ್ಥಾನಗಳಲ್ಲಿ ಮರುಕಳಿಸಬಾರದು. ಈ ಪಟ್ಟಿ ನಮಗೆ ವಿವರವಾಗಿ ಉಳಿದಿರುವುದು ಚೀನಾದಲ್ಲಲ್ಲ. 804ರಿಂದ 806ರವರೆಗೆ ಅಲ್ಲಿ ಕಲಿತು ಹಿಂದಿರುಗಿದ ಜಪಾನಿನ ಬೌದ್ಧ ಭಿಕ್ಷು ಕೂಕೈ ರಚಿಸಿದ ಕಾವ್ಯಲಕ್ಷಣ ಸಂಗ್ರಹದಲ್ಲಿ.

ಲ್ಯುಶಿಯ ಕಟ್ಟಡ

ಎಂಟು ದೋಷಗಳನ್ನು ನೆನಪಿಟ್ಟು ಪದ್ಯ ಬರೆಯುವುದು ಬಹುಮಂದಿಗೆ ಆಗದ ಕೆಲಸ. ಮುಂದಿನ ಎರಡು ಶತಮಾನಗಳಲ್ಲಿ ಆದದ್ದು ಸರಳೀಕರಣ. ನಾಲ್ಕು ಸ್ವರಗಳು ಎರಡು ವರ್ಗಗಳಾದವು: ಸಮಸ್ವರ ಒಂದು ಕಡೆ, ಉಳಿದ ಮೂರೂ ಸೇರಿ ವಕ್ರಸ್ವರ ಇನ್ನೊಂದು ಕಡೆ. ಏನು ಮಾಡಬಾರದು ಎಂಬ ಪಟ್ಟಿಯ ಜಾಗದಲ್ಲಿ ಏನು ಮಾಡಬೇಕು ಎಂಬ ವಿನ್ಯಾಸ ಬಂದಿತು. ತಾಂಗ್ (618–907) ಕಾಲದ ಆರಂಭದಲ್ಲಿ, ಷೆನ್ ಚ್ಯುವಾನ್‌ಚಿ ಮತ್ತು ಸೊಂಗ್ ಝಿವೆನ್ ಎಂಬ ಆಸ್ಥಾನಕವಿಗಳ ಹೊತ್ತಿಗೆ ಅದು ಸ್ಥಿರವಾಯಿತೆಂಬುದು ಪರಂಪರೆಯ ಅಭಿಪ್ರಾಯ. ಎಂಟು ಸಾಲಿನದು ‘ಲ್ಯುಶಿ’, ನಾಲ್ಕು ಸಾಲಿನದು ‘ಜುಯೆಜು’, ಹತ್ತು ಅಥವಾ ಅದಕ್ಕಿಂತ ಹೆಚ್ಚು ಸಾಲುಗಳದು ‘ಪಾಯ್‌ಲ್ಯು’. ರಾಜ್ಯದ ನೌಕರಿಗೆ ನಡೆಯುತ್ತಿದ್ದ ಜಿನ್‌ಶಿ ಪರೀಕ್ಷೆಯಲ್ಲಿ ಎಂಟನೆಯ ಶತಮಾನದಲ್ಲಿ ಪದ್ಯರಚನೆ ಕಡ್ಡಾಯವಾದುದರಿಂದ ಈ ನಿಯಮಗಳಿಗೆ ಕಾವ್ಯೇತರ ಬಲವೂ ದೊರೆಯಿತು. ಪ್ರಾಸ ತಪ್ಪಿದರೆ ಉದ್ಯೋಗ ತಪ್ಪುತ್ತಿತ್ತು.

ಸಮಸ್ವರಕ್ಕೆ ‘ಸ’, ವಕ್ರಸ್ವರಕ್ಕೆ ‘ವ’ ಎಂದಿಟ್ಟುಕೊಂಡರೆ ಐದಕ್ಷರದ ಜುಯೆಜುವಿನ ಒಂದು ಮಾದರಿ ಹೀಗಿರುತ್ತದೆ:

ವ ವ ಸ ಸ ವ
ಸ ಸ ವ ವ ಸ
ಸ ಸ ಸ ವ ವ
ವ ವ ವ ಸ ಸ

ಎರಡನೆಯ ಮತ್ತು ನಾಲ್ಕನೆಯ ಸಾಲುಗಳ ಕೊನೆಯಲ್ಲಿ ಪ್ರಾಸ. ಅದು ಸಮಸ್ವರದ್ದೇ ಆಗಿರಬೇಕು. ಮೊದಲ ಸಾಲಿನ ಒಂದೊಂದು ಅಕ್ಷರಕ್ಕೂ ಎರಡನೆಯ ಸಾಲಿನ ಅಕ್ಷರ ವಿರುದ್ಧ. ಮೂರಕ್ಕೆ ನಾಲ್ಕು ವಿರುದ್ಧ. ಇದು ‘ಎದುರು’ ನಿಯಮ. ಆದರೆ ಎರಡನೆಯ ಸಾಲಿನ ಎರಡನೆಯ ಅಕ್ಷರವೂ ಮೂರನೆಯ ಸಾಲಿನ ಎರಡನೆಯ ಅಕ್ಷರವೂ ಒಂದೇ ವರ್ಗದವು. ಇದು ‘ಅಂಟು’ ನಿಯಮ. ಜೋಡಿಯೊಳಗೆ ವಿರೋಧ, ಜೋಡಿಜೋಡಿಗಳ ನಡುವೆ ಬೆಸುಗೆ. ಅಂಟಿಲ್ಲದಿದ್ದರೆ ಮೊದಲ ಜೋಡಿಯೇ ಮತ್ತೆ ಮತ್ತೆ ಬರುತ್ತಿತ್ತು. ಸಾಲಿನ ಒಂದನೆಯ ಮತ್ತು ಮೂರನೆಯ ಅಕ್ಷರಗಳಲ್ಲಿ ಸ್ವಲ್ಪ ಸಡಿಲಿಕೆಯುಂಟು. ಎರಡು ಮತ್ತು ನಾಲ್ಕರಲ್ಲಿ ಇಲ್ಲ. ಏಳಕ್ಷರದ ಸಾಲು ಬೇಕಾದರೆ, ಸಾಲಿನ ಮುಂದೆ ವಿರುದ್ಧ ವರ್ಗದ ಎರಡು ಅಕ್ಷರಗಳನ್ನು ಸೇರಿಸಿದರಾಯಿತು.

ಲ್ಯುಶಿಯ ನಾಲ್ಕು ಜೋಡಿಗಳಿಗೆ ದೇಹದ ಹೆಸರುಗಳಿವೆ: ತಲೆ, ಗಲ್ಲ, ಕತ್ತು, ಬಾಲ. ನಡುವಿನ ಎರಡು ಜೋಡಿಗಳಲ್ಲಿ ಸ್ವರದ ಎದುರಿನ ಜೊತೆಗೆ ಅರ್ಥದ ಎದುರೂ ಕಡ್ಡಾಯ. ನಾಮಪದದ ಎದುರು ನಾಮಪದ, ಸಂಖ್ಯೆಯ ಎದುರು ಸಂಖ್ಯೆ, ಬಣ್ಣದ ಎದುರು ಬಣ್ಣ, ಊರಿನ ಹೆಸರಿನ ಎದುರು ಊರಿನ ಹೆಸರು. ಅನುವಾದದಲ್ಲಿ ಮೊದಲು ಸಾಯುವುದು ಇದು. ಕನ್ನಡದಲ್ಲಿ ಇದರ ರುಚಿ ತಿಳಿಯಲೆಂದು ಮೂರು ಮಾತ್ರೆಯ ನಾಲ್ಕು ಗಣ, ಕೊನೆಗೆ ನಾಲ್ಕು ಮಾತ್ರೆ ಎಂಬ ಲೆಕ್ಕದಲ್ಲಿ ನಾನೇ ಕಟ್ಟಿದ ಜೋಡಿಯೊಂದನ್ನು ಇಲ್ಲಿ ಕೊಡುತ್ತೇನೆ; ಉದಾಹರಣೆಯಾಗಿಯೇ ಹೊರತು ಕವಿತೆಯಾಗಿ ಅಲ್ಲ.

ಹಸಿರು ಬಿದಿರು ಎರಡು ದಡಕೆ ಬಾಗಿತು
ಬಿಳಿಯ ಹಕ್ಕಿ ನೂರು ಹೊಲವ ದಾಟಿತು

ಬಣ್ಣ, ವಸ್ತು, ಸಂಖ್ಯೆ, ಸ್ಥಳ, ಕ್ರಿಯೆ ಎಲ್ಲವೂ ಒಂದರ ಕೆಳಗೊಂದು ಬಂದಿವೆ. ಒಂದು ಬೇರೂರಿದ್ದು, ಇನ್ನೊಂದು ಹಾರುವುದು. ಆದರೂ ಕನ್ನಡ ಒಂದು ಕಡೆ ಕೈಕೊಡುತ್ತದೆ: ‘ದಡಕೆ’ ಎಂಬಲ್ಲಿ ಚತುರ್ಥಿ, ‘ಹೊಲವ’ ಎಂಬಲ್ಲಿ ದ್ವಿತೀಯಾ. ಚೀನೀಯಲ್ಲಿ ಪ್ರತ್ಯಯಗಳೇ ಇಲ್ಲದುದರಿಂದ ಈ ಒಡಕು ಕಾಣುವುದೇ ಇಲ್ಲ. ಎರಡು ಸಾಲುಗಳ ಪದಗಳು ಕನ್ನಡಿಯಲ್ಲಿ ನೋಡಿಕೊಂಡಂತೆ ನಿಲ್ಲುತ್ತವೆ. ಸಾಲನ್ನು ಎಡದಿಂದ ಬಲಕ್ಕೆ ಮಾತ್ರವಲ್ಲದೆ ಪದಕ್ಕೆ ಪದವನ್ನು ಎದುರಿಟ್ಟು ಓದಬೇಕಾದ ಕಾವ್ಯ ಇದು. ಬೆಟ್ಟ ಮತ್ತು ನದಿ, ದೇಶ ಮತ್ತು ಮನೆ, ಒಬ್ಬಂಟಿ ದೋಣಿ ಮತ್ತು ಸಾವಿರ ಹರದಾರಿ ಎದುರೆದುರು ನಿಂತಾಗ, ಸಾಲಿನಲ್ಲಿ ಹೇಳದ ಸಂಬಂಧವನ್ನು ಓದುಗನೇ ಕಟ್ಟಿಕೊಳ್ಳುತ್ತಾನೆ. ಇಂಗ್ಲಿಷಿನಲ್ಲಿ ಓದಿದಾಗ ‘ಬಿಡಿ ಪ್ರತಿಮೆ’ ಎನ್ನಿಸುವುದು ಮೂಲದಲ್ಲಿ ಹೀಗೆ ಬಿಗಿಯಾಗಿ ಹೆಣೆದ ಜೋಡಿಯ ಅರ್ಧ.

ಲಿಯು ಶಿಯೆ ಎಂಬ ಲಾಕ್ಷಣಿಕ ಕ್ರಿ.ಶ. 500ರ ಸುಮಾರಿಗೆ ರಚಿಸಿದ ಐವತ್ತು ಅಧ್ಯಾಯಗಳ ‘ವೆನ್‌ಶಿನ್ ತ್ಯಾವ್‌ಲೊಂಗ್’ ಗ್ರಂಥದಲ್ಲಿ ಒಂದಿಡೀ ಅಧ್ಯಾಯವನ್ನು ಜೋಡಿರಚನೆಗೆ ಮೀಸಲಿಟ್ಟಿದ್ದಾನೆ. ಸದೃಶ ವಿಷಯಗಳನ್ನು ಎದುರಿಡುವುದಕ್ಕಿಂತ ವಿರುದ್ಧ ವಿಷಯಗಳನ್ನು ಎದುರಿಟ್ಟು ಒಂದೇ ಭಾವಕ್ಕೆ ತರುವುದು ಶ್ರೇಷ್ಠ ಎಂಬುದು ಅವನ ನಿರ್ಣಯ. ಎರಡು ಶತಮಾನಗಳ ಅನಂತರ ಈ ಮಾತಿಗೆ ಪೂರ್ಣ ಲಕ್ಷ್ಯ ಒದಗಿಸಿದವನು ದು ಫು (712–770). ಕುಯಿಝೌವಿನಲ್ಲಿ, ರೋಗಪೀಡಿತನಾಗಿ, ರಾಜಧಾನಿಯಿಂದ ದೂರವಿದ್ದಾಗ 766ರಲ್ಲಿ ಅವನು ಬರೆದ ಎಂಟು ಲ್ಯುಶಿಗಳ ‘ಶರದ್ಭಾವ’ ಮಾಲೆಯಲ್ಲಿ ಜೋಡಿಯ ಒಂದು ಸಾಲು ಎದುರಿಗಿರುವ ನದಿಯಲ್ಲಿದ್ದರೆ ಇನ್ನೊಂದು ಕಳೆದುಹೋದ ಚಾಂಗ್‌ಆನ್‌ನಲ್ಲಿರುತ್ತದೆ. ಮರುವರ್ಷದ ‘ದೆಂಗ್ ಗಾವ್’ ಎಂಬ ಲ್ಯುಶಿಯಲ್ಲಂತೂ ನಡುವಿನ ಎರಡಲ್ಲದೆ ನಾಲ್ಕೂ ಜೋಡಿಗಳು ಸಮಾನಾಂತರ. ಆನ್ ಲೂಶಾನ್‌ನ ದಂಗೆ (755–763) ನಾಡನ್ನು ಒಡೆದ ಕಾಲದಲ್ಲಿ ಅತ್ಯಂತ ಬಿಗಿಯಾದ ರೂಪವೇ ಅವನಿಗೆ ಏಕೆ ಬೇಕಾಯಿತೆಂಬುದು ಬೇರೆಯೇ ಅಧ್ಯಯನದ ವಸ್ತು.

ನಿಯಮಗಳ ಹೊರಗೂ ಒಳ್ಳೆಯ ಪದ್ಯಗಳಿವೆ ಎಂಬುದನ್ನು ಇಲ್ಲಿಯೇ ಹೇಳಬೇಕು. ವಾಂಗ್ ವೇಯ್‌ಯ ವಾಂಗ್‌ಚುವಾನ್ ಮಾಲೆಯ ಇಪ್ಪತ್ತು ಜುಯೆಜುಗಳಲ್ಲಿ ಜಗತ್ತಿನಾದ್ಯಂತ ಅತ್ಯಂತ ಹೆಚ್ಚು ಅನುವಾದಗೊಂಡವುಗಳಲ್ಲಿ ಒಂದಾದ ‘ಲು ಝಾಯ್’ ವಕ್ರಸ್ವರದಲ್ಲಿ ಪ್ರಾಸ ಹೊಂದಿದೆ. ಅದು ಹಳೆಯ ಶೈಲಿಯ ಚತುಷ್ಪದಿ. ಅದನ್ನು ನಿಯಮಬದ್ಧ ಜುಯೆಜುವಿನ ಮಾದರಿಯೆಂದು ಪಾಠಮಾಡುವುದು ತಪ್ಪಾಗುತ್ತದೆ.

ಕಿವಿಗೆ ಸಂಬಂಧಿಸಿದ ಒಂದು ತೊಡಕೂ ಇದೆ. ಇಂದಿನ ಪ್ರಮಾಣಭಾಷೆಯಾದ ಮ್ಯಾಂಡರಿನ್‌ನಲ್ಲಿ ಮೊಟಕುಸ್ವರ ನಶಿಸಿದೆ. ಅದರ ಅಕ್ಷರಗಳಲ್ಲಿ ಅನೇಕವು ಈಗ ಸಮಸ್ವರಕ್ಕೆ ಸೇರಿವೆ. ಹಾಗಾಗಿ ತಾಂಗ್ ಪದ್ಯವನ್ನು ಬೀಜಿಂಗಿನ ವಿದ್ಯಾರ್ಥಿ ಓದಿದಾಗ ವಿನ್ಯಾಸ ಅಲ್ಲಲ್ಲಿ ಕೆಟ್ಟಂತೆ ಕೇಳಿಸುತ್ತದೆ. ಕ್ಯಾಂಟನೀಸ್ ಆಡುವವನಿಗೆ ಆ ಪ್, ತ್, ಕ್‌ಗಳು ಇಂದಿಗೂ ಬಾಯಲ್ಲಿವೆ. ೞ ಮತ್ತು ಱ ಅಕ್ಷರಗಳ ಉಚ್ಚಾರಣೆ ಮರೆಯಾದ ಮೇಲೆ ಹಳಗನ್ನಡದ ಪ್ರಾಸಗಳ ವಿಷಯದಲ್ಲಿ ನಮಗಾಗಿರುವುದೂ ಇದೇ. ರಳ, ಕುಳ, ಕ್ಷಳಗಳ ಭೇದವನ್ನು ಕೇಶಿರಾಜ ಶಾಸ್ತ್ರಮುಖೇನ ಕಲಿಸಬೇಕಾಯಿತು. ಚೀನಾದಲ್ಲಿ ಆ ಕೆಲಸ ಮಾಡಿದ್ದು ಪ್ರಾಸಕೋಶಗಳು: 601ರ ‘ಚಿಯೆ ಯುನ್’, 1008ರಲ್ಲಿ ಅದನ್ನು ವಿಸ್ತರಿಸಿ 206 ಪ್ರಾಸವರ್ಗಗಳನ್ನು ಕೊಟ್ಟ ‘ಗುವಾಂಗ್ ಯುನ್’, ಮುಂದೆ 106 ವರ್ಗಗಳಿಗೆ ಇಳಿದ ಪಟ್ಟಿ. ಕಿವಿ ಮರೆತದ್ದನ್ನು ಕವಿಗಳು ಕೋಶ ನೋಡಿ ಬರೆದರು.

ಭಾರತೀಯ ಮೂಲದ ವಾದ

1934ರಲ್ಲಿ ಚೆನ್ ಯಿನ್‌ಕೆ ಎಂಬ ಇತಿಹಾಸಕಾರ ನಾಲ್ಕು ಸ್ವರಗಳ ಕಲ್ಪನೆಯನ್ನು ಬೌದ್ಧ ಸೂತ್ರಪಠನಕ್ಕೆ ಜೋಡಿಸಿದ. 489ರಲ್ಲಿ ಜಿಂಗ್‌ಲಿಂಗ್‌ನ ರಾಜಕುಮಾರ ಶಿಯಾವ್ ಜಿಲಿಯಾಂಗ್ ರಾಜಧಾನಿಯಲ್ಲಿ ಭಿಕ್ಷುಗಳನ್ನು ಸೇರಿಸಿ ಪಠನದ ಹೊಸ ಧಾಟಿಗಳನ್ನು ರೂಪಿಸಿದ್ದು, ಷೆನ್ ಯುಯೆ ಅದೇ ರಾಜಕುಮಾರನ ವಲಯದವನಾಗಿದ್ದುದು ಅವನ ಆಧಾರ. ಉದಾತ್ತ, ಅನುದಾತ್ತ, ಸ್ವರಿತ ಎಂಬ ಮೂರಕ್ಕೆ ಮೊಟಕುಸ್ವರವನ್ನು ಸೇರಿಸಿ ನಾಲ್ಕಾಯಿತೆಂದು ಅವನ ಊಹೆ. ವೇದಸ್ವರದಲ್ಲಿ ಬುದ್ಧವಚನವನ್ನು ಪಠಿಸುವುದಕ್ಕೆ ವಿನಯನಿಯಮಗಳಲ್ಲಿ ನಿಷೇಧವಿದೆ ಎಂಬ ಆಕ್ಷೇಪ ಇದಕ್ಕೆ ಬಂದಿತು; ಅದು ಬಲವಾದ ಆಕ್ಷೇಪ.

1991ರಲ್ಲಿ ವಿಕ್ಟರ್ ಮೇರ್ ಮತ್ತು ಮೇಯ್ ತ್ಸುಲಿನ್ ಇನ್ನೂ ಮುಂದೆ ಹೋಗಿ, ಲ್ಯುಶಿಯ ಇಡೀ ಸ್ವರಶಾಸ್ತ್ರ ಸಂಸ್ಕೃತ ಮೂಲದ್ದೆಂದು ದೀರ್ಘ ಪ್ರಬಂಧವೊಂದರಲ್ಲಿ ವಾದಿಸಿದರು. ಎಂಟು ದೋಷಗಳ ಹಿಂದೆ ಭಾರತೀಯ ಕಾವ್ಯಶಾಸ್ತ್ರದ ದೋಷಪ್ರಕರಣವಿದೆ. ಸಮ-ವಕ್ರ ಎಂಬ ದ್ವಿವಿಭಾಗದ ಹಿಂದೆ ಲಘು-ಗುರುಗಳಿವೆ. ಮಾದರಿ ಶ್ಲೋಕಛಂದಸ್ಸು ಎಂಬುದು ಅವರ ಸಾರ. ಇದನ್ನು ತಳ್ಳಿಹಾಕುವುದು ಸುಲಭವಲ್ಲ. ಷೆನ್ ಯುಯೆ 488ರಲ್ಲಿ ಒಪ್ಪಿಸಿದ ಸೊಂಗ್ ವಂಶದ ಚರಿತ್ರೆಯಲ್ಲಿ, ಷಿಯೆ ಲಿಂಗ್‌ಯುನ್ ಎಂಬ ಕವಿಯ ಜೀವನದ ಕೊನೆಗೆ ಬರೆದ ಟಿಪ್ಪಣಿಯಲ್ಲಿ, ಜೋಡಿಸಾಲುಗಳ ಧ್ವನಿಭೇದವನ್ನು ಹೇಳಲು ‘ಹಗುರ’ ಮತ್ತು ‘ಭಾರ’ ಎಂಬ ಅರ್ಥದ ಪದಗಳನ್ನೇ ಬಳಸಿದ್ದಾನೆ. ಲಘು ಎಂದರೆ ಹಗುರ, ಗುರು ಎಂದರೆ ಭಾರ. ದೋಷಗಳಿಗೆ ಹೆಸರಿಟ್ಟು ಎಣಿಸುವ ಮನೋಧರ್ಮ ಭರತನ ನಾಟ್ಯಶಾಸ್ತ್ರದಿಂದ ಕವಿರಾಜಮಾರ್ಗದ ಪ್ರಥಮ ಪರಿಚ್ಛೇದದವರೆಗೆ ನಮಗೆ ಚಿರಪರಿಚಿತ. ಕುಮಾರಜೀವನಂಥವರ (344–413) ಅನುವಾದಗಳ ಮೂಲಕ ಭಾರತೀಯ ಭಾಷಾವಿಚಾರ ಚೀನಾಕ್ಕೆ ತಲುಪಿತ್ತೆಂಬುದರಲ್ಲೂ ಸಂಶಯವಿಲ್ಲ. ತಮ್ಮ ಭಾಷೆಯ ಧ್ವನಿಯನ್ನು ಹೊರಗಿನಿಂದ ನಿಂತು ನೋಡುವ ಅಭ್ಯಾಸ ಈ ಸಂಪರ್ಕದಿಂದ ಬಂದಿರುವ ಸಾಧ್ಯತೆಯನ್ನು ನಾನು ಒಪ್ಪುತ್ತೇನೆ.

ಆದರೆ ಒಪ್ಪಿಗೆ ಅಲ್ಲಿಗೇ ನಿಲ್ಲಬೇಕು. ಮೊದಲನೆಯದಾಗಿ, ಲಘು-ಗುರುಗಳು ಕಾಲದ ಅಳತೆ. ಒಂದು ಗುರುವಿಗೆ ಎರಡು ಮಾತ್ರೆ. ಸಮ-ವಕ್ರಗಳು ಧ್ವನಿಯ ಏರಿಳಿತದ ವರ್ಗಗಳು. ಒಂದು ವಕ್ರಸ್ವರ ಇಷ್ಟು ಸಮಸ್ವರಕ್ಕೆ ಸಮ ಎಂಬ ಲೆಕ್ಕ ಅಲ್ಲಿಲ್ಲ. ಇದಕ್ಕಿಂತ ಮುಖ್ಯವಾದುದು ಎರಡನೆಯ ಅಂಶ. ಸಂಸ್ಕೃತದ ಸಮವೃತ್ತದಲ್ಲಿ ಒಂದು ಪಾದದ ವಿನ್ಯಾಸವೇ ನಾಲ್ಕೂ ಪಾದಗಳಲ್ಲಿ ಪುನರಾವರ್ತಿಸಬೇಕು, ಬೇರೆಯಾದರೆ ಛಂದೋಭಂಗ. ಚೀನೀ ಲ್ಯುಶಿಯಲ್ಲಿ ಜೋಡಿಯ ಎರಡನೆಯ ಸಾಲು ಮೊದಲನೆಯದನ್ನು ಪುನರಾವರ್ತಿಸಿದರೆ ಅದೇ ಛಂದೋಭಂಗ. ಒಂದು ಶಾಸ್ತ್ರದ ಗುಣ ಇನ್ನೊಂದರ ದೋಷ. ಶ್ಲೋಕದಲ್ಲಿ ಬೆಸ ಮತ್ತು ಸಮ ಪಾದಗಳು ಬೇರೆ ನಿಜ. ಏಳನೆಯ ಅಕ್ಷರ ಒಂದರಲ್ಲಿ ಗುರು, ಇನ್ನೊಂದರಲ್ಲಿ ಲಘು. ಆದರೆ ಆ ಭೇದ ಒಂದು ಸ್ಥಾನಕ್ಕೆ ಸೀಮಿತ. ಐದನೆಯ ಮತ್ತು ಆರನೆಯ ಅಕ್ಷರಗಳು ಎರಡು ಕಡೆಯೂ ಒಂದೇ. ಅದನ್ನು ಮಾದರಿಯಾಗಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ತಿರುಗುಮುರುಗಾಗುವ ಕನ್ನಡಿ-ವಿನ್ಯಾಸಕ್ಕೆ ತಲುಪುವುದು ಕಷ್ಟ.

ಈ ಕನ್ನಡಿ ಚೀನಾದಲ್ಲಿ ಮೊದಲೇ ಇತ್ತು. ಅರ್ಥದ ಮಟ್ಟದ ಜೋಡಿರಚನೆ ಸ್ವರಗಳಿಗೆ ಹೆಸರಿಡುವುದಕ್ಕಿಂತ ಬಹಳ ಹಿಂದಿನದು. ಗದ್ಯದಲ್ಲೂ ಪದ್ಯದಲ್ಲೂ ಅದು ಬೇರೂರಿತ್ತು. ಬೆಟ್ಟದ ಎದುರು ನದಿಯನ್ನಿಡುವ ಮನಸ್ಸಿಗೆ, ಸ್ವರಗಳನ್ನು ಎರಡಾಗಿ ವಿಂಗಡಿಸಬಹುದೆಂದು ತಿಳಿದ ಕೂಡಲೇ, ಸಮದ ಎದುರು ವಕ್ರವನ್ನಿಡಬೇಕೆನಿಸಿದ್ದು ಸಹಜ. ಹೆಸರಿಡುವ ಸಲಕರಣೆ ಭಾರತದಿಂದ ಬಂದಿರಬಹುದು. ಕಟ್ಟಿದ ಮನೆಯ ನಕ್ಷೆ ಮಾತ್ರ ಅಲ್ಲಿಯದೇ ಎಂಬುದು ನನ್ನ ಅಭಿಪ್ರಾಯ. ದೋಷಗಳ ಪಟ್ಟಿ ಮೂಲೆಗೆ ಸರಿದು, ‘ಎದುರು’ ಮತ್ತು ‘ಅಂಟು’ ಎಂಬ ಎರಡು ನಿಯಮಗಳೇ ತಾಂಗ್ ಕಾವ್ಯವನ್ನು ಆಳಿದ್ದೂ ಇದನ್ನೇ ಸೂಚಿಸುತ್ತದೆ.

ತ್ಸ ಮತ್ತು ಚ್ಯೂ

ಲ್ಯುಶಿ ಪರೀಕ್ಷಾಪದ್ಯವಾದ ಹೊತ್ತಿಗೆ ಹಾಡು ಮತ್ತೆ ಬಾಗಿಲು ತಟ್ಟಿತು. ‘ತ್ಸ’ ಎಂದರೆ ಪದಗಳು: ಇರುವ ರಾಗದ ಮಟ್ಟಿಗೆ ತುಂಬಿದ ಪದಗಳು. ಬರೆಯುವುದಕ್ಕೆ ‘ತುಂಬುವುದು’ ಎಂಬ ಮಾತನ್ನೇ ಬಳಸುತ್ತಾರೆ. ಮಟ್ಟಿನ ಹೆಸರೇ ಶೀರ್ಷಿಕೆ; ಪ್ರತಿ ಮಟ್ಟಿಗೂ ಸಾಲುಗಳ ಸಂಖ್ಯೆ, ಒಂದೊಂದು ಸಾಲಿನ ಅಕ್ಷರಗಳು, ಸ್ವರ, ಪ್ರಾಸದ ಸ್ಥಾನ ನಿಗದಿ. ಸಾಲುಗಳು ಮಾತ್ರ ಉದ್ದಗಿಡ್ಡ. ದುನ್‌ಹುವಾಂಗ್ ಗವಿಯಲ್ಲಿ 1900ರಲ್ಲಿ ಬೆಳಕಿಗೆ ಬಂದ ಹಸ್ತಪ್ರತಿಗಳಲ್ಲಿ ಇದರ ಜನಪದ ರೂಪಗಳು ದೊರೆತಿವೆ. 940ರ ‘ಹುವಾಜಿಯಾನ್ ಜಿ’ಯಲ್ಲಿ ಹದಿನೆಂಟು ಕವಿಗಳ 500 ರಚನೆಗಳಿವೆ; ಹೆಚ್ಚಿನವು ಗಾಯಕಿಯರ ಬಾಯಿಗೆ ಬರೆದ ಪ್ರಣಯಗೀತೆಗಳು. ರಾಜ್ಯ ಕಳೆದುಕೊಂಡು ಸೆರೆಯಾಳಾದ ದಕ್ಷಿಣ ತಾಂಗ್‌ನ ಲಿ ಯು (937–978) ಅದರಲ್ಲಿ ಆತ್ಮಕಥನದ ದುಃಖವನ್ನು ತಂದ. ಸು ಶಿ (1037–1101) ಅದರಲ್ಲಿ ಇತಿಹಾಸ, ತತ್ತ್ವ, ಹಾಸ್ಯ ಎಲ್ಲವನ್ನೂ ತುಂಬಿದ. ಲಿ ಚಿಂಗ್‌ಝಾವ್ ಎಂಬ ಕವಯಿತ್ರಿ ಇದನ್ನು ಒಪ್ಪಲಿಲ್ಲ: ಸು ಶಿ ಬರೆದದ್ದು ಸಾಲು ಉದ್ದಗಿಡ್ಡವಾದ ಪದ್ಯವೇ ಹೊರತು ತ್ಸ ಅಲ್ಲ, ತ್ಸ ಬೇರೆಯೇ ಒಂದು ಮನೆತನ ಎಂದು ಅವಳ ವಾದ. ಹಾಡಲು ಬಾರದ್ದನ್ನು ಹಾಡೆಂದು ಕರೆಯಬಹುದೇ ಎಂಬ ಈ ಜಗಳ ವಚನ, ಕೀರ್ತನೆ, ಭಾವಗೀತೆಗಳ ಸಂದರ್ಭದಲ್ಲಿ ನಮಗೂ ಹೊಸದಲ್ಲ.

ರಾಗಗಳು ಬಹುತೇಕ ನಷ್ಟವಾದವು. ಜಿಯಾಂಗ್ ಕುಯಿ ಸ್ವರಲಿಪಿಯೊಡನೆ ಬಿಟ್ಟುಹೋದ ಹದಿನೇಳು ತ್ಸಗಳು ಅಪೂರ್ವ ಉಳಿಕೆ. ಮಟ್ಟುಗಳ ಅಕ್ಷರವಿನ್ಯಾಸ ಮಾತ್ರ ಉಳಿದು, 1715ರ ಅರಮನೆಯ ಕೋಶ 826 ಮಟ್ಟುಗಳನ್ನೂ 2306 ಪ್ರಭೇದಗಳನ್ನೂ ದಾಖಲಿಸಿತು. 58 ಅಕ್ಷರಗಳೊಳಗೆ ಚಿಕ್ಕದು, 90ರೊಳಗೆ ಮಧ್ಯಮ, 91ರಿಂದ ದೊಡ್ಡದು ಎಂದು ತ್ಸಗಳನ್ನು ವಿಂಗಡಿಸುವ ಪದ್ಧತಿಯೊಂದಿದೆ; 1687ರಲ್ಲಿಯೇ ವಾನ್ ಷು ಅದನ್ನು ಹಾಸ್ಯಮಾಡಿದ್ದರೂ ಪಠ್ಯಪುಸ್ತಕಗಳು ಅದನ್ನು ಬಿಟ್ಟಿಲ್ಲ. ಯುವಾನ್ ಕಾಲದ (1271–1368) ‘ಚ್ಯೂ’ ಇನ್ನೊಂದು ಹೆಜ್ಜೆ ಸಡಿಲ. ನಿಗದಿಯಾದ ಅಕ್ಷರಗಳ ನಡುವೆ ಆಡುಮಾತಿನ ‘ತುಂಬಕ್ಷರ’ಗಳನ್ನು ಸೇರಿಸಬಹುದು, ಬೇರೆ ಬೇರೆ ಸ್ವರಗಳ ಅಕ್ಷರಗಳು ಪ್ರಾಸಗೂಡಬಹುದು. 1324ರಲ್ಲಿ ಝೌ ದೆಚಿಂಗ್ ಸಿದ್ಧಪಡಿಸಿದ ಪ್ರಾಸಕೋಶ ಹಳೆಯ ಪಟ್ಟಿಯನ್ನು ಬಿಟ್ಟು ಉತ್ತರದ ಆಡುನುಡಿಯನ್ನೇ ಆಧರಿಸಿತು. ಮೊಟಕುಸ್ವರದ ಅಕ್ಷರಗಳನ್ನು ಉಳಿದ ಮೂರಕ್ಕೆ ಹಂಚಿತು.

1917ರ ಜನವರಿಯಲ್ಲಿ ‘ಹೊಸ ಯೌವನ’ ಪತ್ರಿಕೆಯಲ್ಲಿ ಹು ಶಿ ಸಾಹಿತ್ಯಸುಧಾರಣೆಯ ಎಂಟು ಸೂತ್ರಗಳನ್ನು ಮಂಡಿಸಿದ. ಅವುಗಳಲ್ಲಿ ಒಂದು, ಜೋಡಿರಚನೆಯ ಹಂಬಲ ಬೇಡ ಎಂಬುದು. ಆಡುಮಾತಿನ ಹೊಸ ಕವಿತೆ ಅಲ್ಲಿಂದ ಬೆಳೆಯಿತು. ಹಳೆಯ ರೂಪಗಳು ತಕ್ಷಣ ಹೋಗಲಿಲ್ಲ. ಹೊಸ ಗದ್ಯದ ಆಚಾರ್ಯನಾದ ಲು ಷುನ್ ಲ್ಯುಶಿಗಳನ್ನು ಬರೆದ, ಮಾವೊ ಝೆದೊಂಗ್ ತ್ಸಗಳನ್ನು ಬರೆದ. ಆದರೆ ಈ ಛಂದಸ್ಸು ಇಂದು ಜನಸಾಮಾನ್ಯರಿಗೆ ಎದುರಾಗುವುದು ಪುಸ್ತಕದಲ್ಲಲ್ಲ, ಬಾಗಿಲಿನಲ್ಲಿ. ವಸಂತದ ಹೊಸವರ್ಷಕ್ಕೆ ಮನೆಬಾಗಿಲಿನ ಎರಡು ಪಕ್ಕಗಳಲ್ಲಿ ಕೆಂಪು ಕಾಗದದ ಮೇಲೆ ಬರೆದು ಅಂಟಿಸುವ ಸಾಲುಗಳು ಲ್ಯುಶಿಯ ನಡುವಿನ ಜೋಡಿಯೇ: ಅಕ್ಷರಸಂಖ್ಯೆ ಸಮ, ಪದಕ್ಕೆ ಪದ ಎದುರು, ಸ್ವರಕ್ಕೆ ಸ್ವರ ಎದುರು. ಮೊದಲ ಸಾಲು ವಕ್ರಸ್ವರದಲ್ಲಿಯೂ ಎರಡನೆಯದು ಸಮಸ್ವರದಲ್ಲಿಯೂ ಮುಗಿಯಬೇಕೆಂಬ ನಿಯಮ ಇನ್ನೂ ಇದೆ. ಅಂಗಡಿಯಿಂದ ತಂದ ಜೋಡಿಯಲ್ಲಿ ಯಾವುದು ಬಲಕ್ಕೆ, ಯಾವುದು ಎಡಕ್ಕೆ ಎಂದು ಸಂದೇಹ ಬಂದಾಗ, ತಿಳಿದವರು ನೋಡುವುದು ಕೊನೆಯ ಅಕ್ಷರದ ಸ್ವರವನ್ನು.